ಅಂಕಿತ ಬದಲಾದಾಗ: ಬಸವಣ್ಣನವರ ವಚನ ಮತ್ತು ಸಂಪಾದಕರ ತಿದ್ದುಪಡಿ

ಪಠ್ಯದ ತಿದ್ದುಪಡಿ ಎಂದರೇನು

ಧರ್ಮವೊಂದರ ಸ್ಥಾಪಕರು ಬರೆದ ಅಥವಾ ನುಡಿದ ಮಾತುಗಳನ್ನು, ಅವರ ಕಾಲಾನಂತರ ಅನುಯಾಯಿಗಳು ತಮ್ಮ ಸಿದ್ಧಾಂತಕ್ಕೆ ಹೊಂದುವಂತೆ ಮಾರ್ಪಡಿಸುವುದು ಧಾರ್ಮಿಕ ಇತಿಹಾಸದಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಹೊಸ ಸಾಲನ್ನು ಸೇರಿಸುವುದು ಇದರ ಒಂದು ಬಗೆ. ವಿದ್ವಾಂಸರು ಇದನ್ನು ಪ್ರಕ್ಷೇಪ ಎನ್ನುತ್ತಾರೆ. ಇರುವ ಸಾಲನ್ನು ಕೈಬಿಡುವುದು, ಒಂದು ಪದದ ಜಾಗದಲ್ಲಿ ಇನ್ನೊಂದನ್ನು ಇಡುವುದು ಉಳಿದ ಬಗೆಗಳು. ಒಂದಕ್ಷರವನ್ನೂ ಮುಟ್ಟದೆ ಮಾತುಗಳ ಅನುಕ್ರಮವನ್ನಷ್ಟೇ ಬದಲಿಸಿ ಅರ್ಥವನ್ನು ಬೇರೆ ಕಡೆಗೆ ತಿರುಗಿಸುವುದೂ ಸಾಧ್ಯ.

ಲಿಪಿಕಾರನ ಕಣ್ತಪ್ಪಿನಿಂದ ಆಗುವ ದೋಷ ಈ ವರ್ಗಕ್ಕೆ ಸೇರುವುದಿಲ್ಲ. ಓಲೆಗರಿಯನ್ನು ನೋಡಿ ಬರೆಯುವವನು ಒಂದು ಸಾಲನ್ನು ಬಿಟ್ಟರೆ ಅದು ಪ್ರಮಾದವೇ ಹೊರತು ತಿದ್ದುಪಡಿಯಲ್ಲ. ವ್ಯಾಖ್ಯಾನವೂ ಇದಕ್ಕಿಂತ ಭಿನ್ನವಾದುದು. ಭಾಷ್ಯಕಾರನು ಮೂಲವನ್ನು ಇದ್ದಂತೆ ಉಳಿಸಿ, ಅದರ ಅರ್ಥ ಹೀಗೆ ಎಂದು ವಾದಿಸುತ್ತಾನೆ; ಒಪ್ಪದವನಿಗೆ ಮೂಲವನ್ನೇ ಮುಂದಿಟ್ಟು ಪ್ರಶ್ನಿಸುವ ಅವಕಾಶ ಇರುತ್ತದೆ. ತಿದ್ದುಪಡಿಯಲ್ಲಿ ಆ ಅವಕಾಶವೇ ಕಳೆದುಹೋಗುತ್ತದೆ, ಏಕೆಂದರೆ ವಾದ ಮಾಡುವವನ ಮಾತು ಗುರುವಿನ ಮಾತಿನ ರೂಪದಲ್ಲಿಯೇ ಓದುಗನ ಮುಂದೆ ನಿಲ್ಲುತ್ತದೆ.

ಸ್ಥಾಪಕರು ಬದುಕಿರುವಾಗ ವಿವಾದಗಳು ಅವರ ಬಳಿಗೇ ಹೋಗುತ್ತವೆ. ಅವರು ಮರೆಯಾದ ಮೇಲೆ ಅವರ ಪಠ್ಯವೇ ಅಂತಿಮ ಪ್ರಮಾಣವಾಗುತ್ತದೆ. ಪಠ್ಯಕ್ಕೆ ಇಂತಹ ಅಧಿಕಾರ ಬಂದಷ್ಟೂ ಅದನ್ನು ತಮ್ಮ ಪಕ್ಷಕ್ಕೆ ಒಲಿಸಿಕೊಳ್ಳುವ ಆಸೆ ಬಲವಾಗುತ್ತದೆ. ಹೀಗೆ ತಿದ್ದಿದವರಲ್ಲಿ ಅನೇಕರು ಕಪಟಿಗಳಲ್ಲ ಎಂಬುದನ್ನು ಗಮನಿಸಬೇಕು. ಗುರುಗಳು ನಿಜವಾಗಿ ಹೇಳಬೇಕಾಗಿದ್ದುದು ಇದನ್ನೇ ಎಂಬ ದೃಢ ನಂಬಿಕೆಯಿಂದ ಅವರು ತಿದ್ದಿದ್ದಾರೆ. ಕರ್ನಾಟಕದಲ್ಲಿ ಇದಕ್ಕೆ ಸ್ಪಷ್ಟವಾದ ಉದಾಹರಣೆ ಬಸವಣ್ಣನವರ ವಚನಗಳ ಅಂಕಿತವನ್ನು ಕುರಿತು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಹುಟ್ಟಿದ ವಿವಾದ.

ವಚನಗಳು ನಮ್ಮವರೆಗೆ ಬಂದ ದಾರಿ

ಬಸವಣ್ಣನವರು ಹನ್ನೆರಡನೆಯ ಶತಮಾನದವರು. ಕಲಚುರಿ ಬಿಜ್ಜಳನ ಕಾಲದಲ್ಲಿ ಕಲ್ಯಾಣದಲ್ಲಿ ಅಧಿಕಾರಿಯಾಗಿದ್ದು, ಶರಣರ ಚಳವಳಿಯ ಕೇಂದ್ರವಾಗಿದ್ದವರು. ಅವರ ಕಾಲದ್ದೇ ಆದ ವಚನಗಳ ಹಸ್ತಪ್ರತಿ ಯಾವುದೂ ಉಳಿದಿಲ್ಲ. ಕಲ್ಯಾಣದ ಕ್ಷೋಭೆಯಲ್ಲಿ ಶರಣರು ಚದುರಿಹೋದರು. ವಚನಗಳು ಕಂಠಸ್ಥವಾಗಿ, ಬಿಡಿಬಿಡಿ ಓಲೆಗಳಾಗಿ ಬದುಕಿದವು. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದ ಆಸುಪಾಸಿನಲ್ಲಿ, ವಿರಕ್ತರು ಅವುಗಳನ್ನು ಹುಡುಕಿ, ಕಲೆಹಾಕಿ, ಕಟ್ಟುಗಳಾಗಿ ಬರೆಸಿದರು. ಅಂದರೆ ನುಡಿದ ಕಾಲಕ್ಕೂ ವ್ಯವಸ್ಥಿತ ಸಂಕಲನದ ಕಾಲಕ್ಕೂ ನಡುವೆ ಸುಮಾರು ಇನ್ನೂರೈವತ್ತು ವರ್ಷಗಳ ಅಂತರವಿದೆ.

ಸಂಕಲನಕಾರರು ವಚನಗಳನ್ನು ಸಿಕ್ಕ ಹಾಗೆ ಬರೆದಿಡಲಿಲ್ಲ. ಭಕ್ತ, ಮಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಲ್ಲಿ ಅವನ್ನು ಹಂಚಿದರು. ಸಂತೆಯಲ್ಲೋ ಮನೆಯಲ್ಲೋ ಅರಮನೆಯಲ್ಲೋ ಬೇರೆ ಬೇರೆ ಗಳಿಗೆಯಲ್ಲಿ ಹುಟ್ಟಿದ ನುಡಿಗಳು ಹೀಗೆ ಸಾಧನೆಯ ಮೆಟ್ಟಿಲುಗಳಾಗಿ ಜೋಡಣೆಗೊಂಡವು. ಈ ಜೋಡಣೆಯೂ ಒಂದು ವ್ಯಾಖ್ಯಾನವೇ. ಆದರೆ ಅದರಲ್ಲಿ ವಚನದ ಒಡಲು ಹಾಗೆಯೇ ಉಳಿದಿರುವುದರಿಂದ, ಇಂದಿನ ಓದುಗನು ಬೇಕೆಂದರೆ ಸ್ಥಲದ ಚೌಕಟ್ಟನ್ನು ಬದಿಗಿಟ್ಟು ವಚನವನ್ನಷ್ಟೇ ಓದಬಹುದು.

ಮುದ್ರಣದ ಯುಗದಲ್ಲಿ ಈ ಕೆಲಸವನ್ನು ವ್ಯಾಪಕವಾಗಿ ಕೈಗೊಂಡವರು ಫ. ಗು. ಹಳಕಟ್ಟಿ. ವಿಜಯಪುರದಲ್ಲಿ ವಕೀಲರಾಗಿದ್ದ ಅವರು ಊರೂರು ಅಲೆದು ಓಲೆಗರಿಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಮುಂದೆ ಶಿ. ಶಿ. ಬಸವನಾಳರು ಅನೇಕ ಪ್ರತಿಗಳನ್ನು ಹೋಲಿಸಿ ಬಸವಣ್ಣನವರ ಷಟ್‌ಸ್ಥಲದ ವಚನಗಳನ್ನು ಶಾಸ್ತ್ರೀಯವಾಗಿ ಸಂಪಾದಿಸಿದರು. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ 1993ರಲ್ಲಿ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ವನ್ನು ಹೊರತಂದಿತು. ಅದರ ಮೊದಲ ಸಂಪುಟವೇ ಬಸವಣ್ಣನವರದು; ಅದರಲ್ಲಿರುವ ವಚನಗಳ ಸಂಖ್ಯೆ ಸುಮಾರು 1400.

ಅಂಕಿತದ ಕಾರ್ಯ

ವಚನದ ಕೊನೆಯಲ್ಲಿ ಸಾಮಾನ್ಯವಾಗಿ ಬರುವ ದೈವನಾಮವನ್ನು ಅಂಕಿತ ಅಥವಾ ಮುದ್ರಿಕೆ ಎನ್ನುತ್ತಾರೆ. ಬಸವಣ್ಣನವರದು ಕೂಡಲಸಂಗಮದೇವ. ಅಲ್ಲಮಪ್ರಭುವಿನದು ಗುಹೇಶ್ವರ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ, ಸಿದ್ಧರಾಮನದು ಕಪಿಲಸಿದ್ಧಮಲ್ಲಿಕಾರ್ಜುನ, ಜೇಡರ ದಾಸಿಮಯ್ಯನದು ರಾಮನಾಥ. ಅಂಬಿಗರ ಚೌಡಯ್ಯನಂತಹ ಕೆಲವರು ತಮ್ಮ ಹೆಸರನ್ನೇ ಅಂಕಿತವಾಗಿ ಬಳಸಿದರು.

ಅಂಕಿತವು ಏಕಕಾಲದಲ್ಲಿ ಮೂರು ಕೆಲಸಗಳನ್ನು ಮಾಡುತ್ತದೆ. ಮೊದಲನೆಯದಾಗಿ, ವಚನ ಯಾರದು ಎಂಬುದನ್ನು ಅದು ಹೇಳುತ್ತದೆ. ಕರ್ತೃವಿನ ಹೆಸರಿಲ್ಲದ ಓಲೆಗರಿಯಲ್ಲಿ ಸಂಪಾದಕನಿಗಿರುವ ಮುಖ್ಯ ಆಧಾರ ಇದೇ. ಚೆನ್ನಬಸವಣ್ಣನ ಅಂಕಿತ ಕೂಡಲಚೆನ್ನಸಂಗಮದೇವ. ‘ಚೆನ್ನ’ ಎಂಬ ಎರಡು ಅಕ್ಷರ ಬಿಟ್ಟುಹೋದರೆ ಅವನ ವಚನ ಸೋದರಮಾವ ಬಸವಣ್ಣನವರ ಲೆಕ್ಕಕ್ಕೆ ಸೇರಿಬಿಡುತ್ತದೆ. ಎರಡನೆಯದಾಗಿ, ವಚನದೊಳಗಿನ ಸಂಬೋಧನೆ ಅಂಕಿತದಲ್ಲಿಯೇ ನೆಲೆಗೊಂಡಿದೆ. ಬಸವಣ್ಣನವರು ದೇವರೊಡನೆ ಜಗಳವಾಡುತ್ತಾರೆ, ಮೊರೆಯಿಡುತ್ತಾರೆ, ತಮ್ಮನ್ನು ತಾವೇ ನಿಂದಿಸಿಕೊಳ್ಳುತ್ತಾರೆ. ಎದುರಿಗೆ ಒಬ್ಬನಿದ್ದಾನೆ ಎಂಬ ಭಾವವನ್ನು ಆ ಹೆಸರು ಕೊಡುತ್ತದೆ. ಮೂರನೆಯದು ಲಯಕ್ಕೆ ಸಂಬಂಧಿಸಿದ್ದು. ವಚನಕ್ಕೆ ಛಂದಸ್ಸಿನ ಕಟ್ಟು ಇಲ್ಲದಿದ್ದರೂ ಉಸಿರಿನ ಕಟ್ಟು ಇದೆ, ಮತ್ತು ಆ ಉಸಿರು ಕೊನೆಗೆ ಬಂದು ನಿಲ್ಲುವುದು ಅಂಕಿತದಲ್ಲಿ.

ಬಸವಣ್ಣನವರ ಅಂಕಿತಕ್ಕೆ ಜೀವನಚರಿತ್ರೆಯ ಹಿನ್ನೆಲೆಯೂ ಇದೆ. ಕೂಡಲಸಂಗಮವು ಕೃಷ್ಣಾ ಮತ್ತು ಮಲಪ್ರಭಾ ನದಿಗಳು ಕೂಡುವ ಕ್ಷೇತ್ರ. ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿದೆ. ಬಾಗೇವಾಡಿಯ ಮನೆಯನ್ನೂ ಜನಿವಾರವನ್ನೂ ತೊರೆದ ತರುಣ ಬಸವಣ್ಣನವರು ಆಶ್ರಯ ಪಡೆದದ್ದು ಅಲ್ಲಿಯ ಸಂಗಮೇಶ್ವರನ ಸನ್ನಿಧಿಯಲ್ಲಿ ಎಂದು ಹರಿಹರನ ರಗಳೆಯಿಂದ ಮೊದಲ್ಗೊಂಡು ಚರಿತ್ರಕಾರರೆಲ್ಲ ಹೇಳುತ್ತಾರೆ. ಅವರ ಐಕ್ಯಸ್ಥಳವೆಂದು ಭಕ್ತರು ನಂಬುವುದೂ ಅದನ್ನೇ.

ಕೂಡಲಸಂಗಮದೇವ, ಲಿಂಗದೇವ

ಮಾತೆ ಮಹಾದೇವಿಯವರು (1946–2019) ಬಸವ ಧರ್ಮ ಪೀಠದ ಪೀಠಾಧ್ಯಕ್ಷೆಯಾಗಿ, ಲಿಂಗಾಯತವು ಸ್ವತಂತ್ರ ಧರ್ಮವೆಂಬ ವಾದದ ಪ್ರಬಲ ಪ್ರತಿಪಾದಕಿಯಾಗಿ ನಾಡಿನಾದ್ಯಂತ ಪರಿಚಿತರು. ಸ್ತ್ರೀಯೊಬ್ಬರು ಜಗದ್ಗುರು ಪೀಠವನ್ನೇರಿದ್ದೇ ದೊಡ್ಡ ಸಂಗತಿಯಾಗಿದ್ದ ಕಾಲದಲ್ಲಿ ಅವರು ಬಸವಣ್ಣನವರ ವಿಚಾರವನ್ನು ಸಾಮಾನ್ಯ ಜನರ ಬಳಿಗೆ ಒಯ್ದರು. 1990ರ ದಶಕದಲ್ಲಿ ಅವರು ಸಂಪಾದಿಸಿ ಪ್ರಕಟಿಸಿದ ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನವರ ವಚನಗಳ ‘ಕೂಡಲಸಂಗಮದೇವ’ ಎಂಬ ಅಂಕಿತದ ಸ್ಥಾನದಲ್ಲಿ ‘ಲಿಂಗದೇವ’ ಎಂಬ ಹೆಸರನ್ನು ಇರಿಸಲಾಯಿತು.

ಇದರ ಹಿಂದಿದ್ದ ತರ್ಕ ಸೈದ್ಧಾಂತಿಕವಾದುದು. ಬಸವಣ್ಣನವರು ಗುಡಿಯ ಸ್ಥಾವರಲಿಂಗದ ಪೂಜೆಯನ್ನು ಬಿಟ್ಟು, ಅಂಗೈಯಲ್ಲಿ ಪೂಜೆಗೊಳ್ಳುವ ಇಷ್ಟಲಿಂಗವನ್ನು ಎತ್ತಿಹಿಡಿದವರು. ಅವರ ದೇವರು ನಿರಾಕಾರ, ಸರ್ವವ್ಯಾಪಿ. ಹೀಗಿರುವಾಗ ಒಂದು ಊರಿನ, ಒಂದು ದೇವಾಲಯದ ದೇವರ ಹೆಸರು ಪ್ರತಿಯೊಂದು ವಚನದ ಕೊನೆಯಲ್ಲಿಯೂ ಬಂದರೆ ಓದುಗನು ಮತ್ತೆ ಸ್ಥಾವರದ ಕಡೆಗೇ ತಿರುಗುತ್ತಾನೆ. ಆದ್ದರಿಂದ ಸಿದ್ಧಾಂತಕ್ಕೆ ತಕ್ಕ ಹೆಸರು ಲಿಂಗದೇವ. ಇದು ಆ ವಾದದ ಸಾರಾಂಶ.

ಈ ವಾದದಲ್ಲಿ ಎತ್ತಿದ ಪ್ರಶ್ನೆ ನಿಜವಾದ ಪ್ರಶ್ನೆಯೇ. ಸ್ಥಾವರವನ್ನು ನಿರಾಕರಿಸಿದ ವ್ಯಕ್ತಿ ಸ್ಥಾವರದ ಹೆಸರನ್ನು ಜೀವನವಿಡೀ ಏಕೆ ಉಳಿಸಿಕೊಂಡರು? ಬಸವಣ್ಣನವರನ್ನು ಶ್ರದ್ಧೆಯಿಂದ ಓದುವವರೆಲ್ಲ ಎದುರಿಸಬೇಕಾದ ಪ್ರಶ್ನೆ ಇದು. ಬಾಲ್ಯದ ದೈವವೇ ಅನುಭವ ಮಾಗಿದಂತೆ ನಿರಾಕಾರ ತತ್ತ್ವದ ಹೆಸರಾಯಿತು ಎಂದು ಒಬ್ಬರು ಉತ್ತರಿಸಬಹುದು. ಸ್ಥಾವರದಿಂದ ಜಂಗಮಕ್ಕೆ ನಡೆದ ದಾರಿಯ ಗುರುತನ್ನು ಅವರು ಬೇಕೆಂದೇ ಅಳಿಸಲಿಲ್ಲ ಎಂದು ಇನ್ನೊಬ್ಬರು ಉತ್ತರಿಸಬಹುದು. ಗುಹೇಶ್ವರ, ಚೆನ್ನಮಲ್ಲಿಕಾರ್ಜುನ, ರಾಮನಾಥ ಮುಂತಾದವೂ ಕ್ಷೇತ್ರಗಳೊಡನೆ ನಂಟಿರುವ ಹೆಸರುಗಳೇ ಆದ್ದರಿಂದ ಪ್ರಶ್ನೆ ಬಸವಣ್ಣನವರೊಬ್ಬರದಲ್ಲ, ಇಡೀ ಶರಣ ಪರಂಪರೆಯದು. ಆದರೆ ಅಂಕಿತವನ್ನೇ ಬದಲಿಸಿದ ಪುಸ್ತಕವನ್ನು ಮಾತ್ರ ಓದಿದವನಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ತಿದ್ದುಪಡಿ ಮಾಡುವ ಅತಿ ದೊಡ್ಡ ಹಾನಿ ಇದೇ.

ಪಠ್ಯದ ದೃಷ್ಟಿಯಿಂದಲೂ ನಷ್ಟ ಸಣ್ಣದಲ್ಲ. ಕೂಡಲಸಂಗಮದೇವ ಎಂಬುದು ಎಂಟು ಅಕ್ಷರಗಳ, ಹನ್ನೊಂದು ಮಾತ್ರೆಗಳ ಪದ. ಲಿಂಗದೇವ ಎಂಬುದು ನಾಲ್ಕು ಅಕ್ಷರಗಳ, ಆರು ಮಾತ್ರೆಗಳ ಪದ. ದೀರ್ಘವಾದ ಉಸಿರಿನಲ್ಲಿ ಇಳಿಯುವ ಕೊನೆಯ ಸಾಲು ಥಟ್ಟನೆ ನಿಂತುಬಿಡುತ್ತದೆ. ಹಸ್ತಪ್ರತಿಗಳಲ್ಲಿ ಈ ಅಂಕಿತ ಕೂಡಲಸಂಗಯ್ಯ, ಕೂಡಲಸಂಗಮ, ಕೂಡಲಸಂಗನ ಶರಣರು ಎಂದು ಸಂದರ್ಭಕ್ಕೆ ತಕ್ಕಂತೆ ರೂಪ ತಳೆಯುತ್ತದೆ. ಹೊರಗಿನಿಂದ ತಂದ ಒಂದು ಪದಕ್ಕೆ ಆ ಎಲ್ಲ ತಿರುವುಗಳನ್ನು ತುಂಬಿಕೊಡಲು ಸಾಧ್ಯವಿಲ್ಲ. ಬಸವಣ್ಣನವರ ವಚನಗಳಿಗೆ ‘ಲಿಂಗದೇವ’ ಎಂಬ ಅಂಕಿತವಿರುವ ಪ್ರಾಚೀನ ಪ್ರತಿಯ ಆಧಾರವೂ ಈ ಬದಲಾವಣೆಗೆ ಇರಲಿಲ್ಲ. ಆಧಾರ ಸಿದ್ಧಾಂತದ್ದು ಮಾತ್ರ.

ನಿಷೇಧ ಮತ್ತು ನ್ಯಾಯಾಲಯ

ವಿರಕ್ತ ಮಠಗಳು, ವಿದ್ವಾಂಸರು ಮತ್ತು ಬಸವಾನುಯಾಯಿಗಳ ಸಂಘಟನೆಗಳಿಂದ ತೀವ್ರ ವಿರೋಧ ಬಂತು. ಬಸವಣ್ಣನವರ ಹೆಸರಿನಲ್ಲಿಯೇ ಕೆಲಸ ಮಾಡುತ್ತಿದ್ದವರು ಪರಸ್ಪರ ಎದುರಾಗಿ ನಿಂತರು. ಧಾರ್ಮಿಕ ಭಾವನೆಗಳಿಗೆ ಧಕ್ಕೆಯಾಗುತ್ತದೆ ಎಂಬ ಕಾರಣದಿಂದ ಕರ್ನಾಟಕ ಸರ್ಕಾರ 1998ರಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಪ್ರಕಟಣೆಗಳನ್ನು ಹೀಗೆ ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರವನ್ನು ಅಂದಿನ ದಂಡ ಪ್ರಕ್ರಿಯಾ ಸಂಹಿತೆಯ 95ನೆಯ ಕಲಂ ಸರ್ಕಾರಕ್ಕೆ ಕೊಟ್ಟಿತ್ತು. ಹೈಕೋರ್ಟ್ ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಮೇಲ್ಮನವಿಯು ಸುಪ್ರೀಂ ಕೋರ್ಟ್‌ನಲ್ಲಿ ದೀರ್ಘಕಾಲ ಉಳಿದು, 2017ರ ಸೆಪ್ಟೆಂಬರಿನಲ್ಲಿ ತಿರಸ್ಕೃತವಾಯಿತು. ಲಿಂಗಾಯತ ಪ್ರತ್ಯೇಕ ಧರ್ಮದ ಚಳವಳಿ ಬೃಹತ್ ಸಮಾವೇಶಗಳ ಹಂತ ತಲುಪಿದ್ದ ದಿನಗಳಲ್ಲಿಯೇ ಈ ತೀರ್ಪು ಬಂದಿತು.

ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಭಾವನೆಗೆ ನೋವಾಗುತ್ತದೆಯೇ ಎಂಬುದು. ಯಾವ ಪಾಠ ಶುದ್ಧ ಎಂಬುದು ಬೇರೆಯೇ ಆದ ಪ್ರಶ್ನೆ. ಮೊದಲನೆಯದನ್ನು ಕಾನೂನು ತೀರ್ಮಾನಿಸಬಲ್ಲುದು, ಎರಡನೆಯದನ್ನು ಹಸ್ತಪ್ರತಿಗಳು ಮಾತ್ರ ತೀರ್ಮಾನಿಸಬಲ್ಲವು. ಅಂಕಿತದ ಬದಲಾವಣೆ ತಪ್ಪು ಎಂಬುದಕ್ಕೆ ಅತ್ಯಂತ ಬಲವಾದ ಆಧಾರ ಈ ನಿಷೇಧಕ್ಕಿಂತ ಮೊದಲೇ ಮುದ್ರಣಗೊಂಡಿತ್ತು. ಹಳಕಟ್ಟಿ, ಬಸವನಾಳ, ಕಲಬುರ್ಗಿಯವರ ಆವೃತ್ತಿಗಳು ಗ್ರಂಥಾಲಯಗಳಲ್ಲಿ ಇದ್ದವು. ಅವು ಇಲ್ಲದಿದ್ದರೆ ಯಾವ ಅಂಕಿತ ಮೂಲದ್ದು ಎಂಬುದು ಕೇವಲ ಪಕ್ಷಗಳ ಮಾತಾಗಿ ಉಳಿಯುತ್ತಿತ್ತು.

ಹಳೆಯ ಉದಾಹರಣೆ: ಸಿದ್ಧರಾಮನ ದೀಕ್ಷೆ

ಈ ಪರಂಪರೆಯಲ್ಲಿ ಸಿದ್ಧಾಂತದ ಪ್ರಶ್ನೆ ಸಂಪಾದನೆಯ ಮೂಲಕ ತೀರ್ಮಾನವಾದದ್ದು ಇದೇ ಮೊದಲಲ್ಲ. ಅಲ್ಲಮಪ್ರಭುವನ್ನು ಕೇಂದ್ರವಾಗಿಟ್ಟು ಶರಣರ ವಚನಗಳನ್ನು ಸಂವಾದವಾಗಿ ಹೆಣೆದ ಮಹಾಕೃತಿ ‘ಶೂನ್ಯಸಂಪಾದನೆ’. ಅದು ನಾಲ್ಕು ರೂಪಗಳಲ್ಲಿ ಉಳಿದಿದೆ. ಮೊದಲನೆಯದು ಶಿವಗಣಪ್ರಸಾದಿ ಮಹದೇವಯ್ಯನದು. ಅನಂತರದವು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ ಮತ್ತು ಗೂಳೂರು ಸಿದ್ಧವೀರಣ್ಣೊಡೆಯರವು.

ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ ಕರ್ಮಯೋಗಿಯೆನಿಸಿದವನು. ಅಲ್ಲಮನು ಅವನನ್ನು ಕಲ್ಯಾಣಕ್ಕೆ ಕರೆತರುತ್ತಾನೆ. ಅಷ್ಟು ದೊಡ್ಡ ಸಾಧಕನಿಗೆ ಇಷ್ಟಲಿಂಗ ದೀಕ್ಷೆ ಬೇಕೇ, ಬೇಡವೇ? ಮಹದೇವಯ್ಯನ ಕೃತಿಯಲ್ಲಿ ಸಿದ್ಧರಾಮನಿಗೆ ಅಂತಹ ದೀಕ್ಷೆ ನಡೆಯುವುದಿಲ್ಲ. ಅಂತರಂಗದ ಅರಿವೇ ಸಾಕು ಎಂಬುದು ಅಲ್ಲಿಯ ನಿಲುವು. ಹಲಗೆಯಾರ್ಯನಿಗೆ ಇದು ಒಪ್ಪಿಗೆಯಾಗಲಿಲ್ಲ. ಅವನ ಪರಿಷ್ಕರಣದಲ್ಲಿ ಚೆನ್ನಬಸವಣ್ಣನಿಂದ ಸಿದ್ಧರಾಮನಿಗೆ ದೀಕ್ಷೆಯಾಗುತ್ತದೆ, ಮುಂದಿನ ಇಬ್ಬರೂ ಅದನ್ನೇ ಅನುಸರಿಸುತ್ತಾರೆ. ಪ್ರಸಂಗ ಬದಲಾದಾಗ ಅದಕ್ಕೆ ಒದಗುವ ವಚನಗಳ ಆಯ್ಕೆಯೂ ಅನುಕ್ರಮವೂ ಬದಲಾಗಲೇಬೇಕಾಯಿತು. ಇಷ್ಟಲಿಂಗವಿಲ್ಲದೆ ಶರಣನಿಲ್ಲ ಎಂಬ ಪಕ್ಷ ಗ್ರಂಥದೊಳಗೆ ಹೀಗೆ ಜಯಿಸಿತು.

ಇದನ್ನು ಅಂಕಿತದ ಪ್ರಕರಣದೊಡನೆ ಸಮವಾಗಿ ತೂಗುವುದು ಉಚಿತವಲ್ಲ. ಶೂನ್ಯಸಂಪಾದನೆಯು ಸಂಪಾದನಕಾರನ ಸ್ವಂತ ರಚನೆಯೂ ಹೌದು. ವಚನಗಳ ನಡುವಿನ ಗದ್ಯ ಅವನದೇ ಎಂಬುದನ್ನು ಯಾರೂ ಮರೆಮಾಚಿಲ್ಲ. ಅದೃಷ್ಟವಶಾತ್ ನಾಲ್ಕೂ ಕೃತಿಗಳು ಉಳಿದಿರುವುದರಿಂದ ಆ ವಿವಾದವನ್ನು ನಾವು ಇಂದಿಗೂ ಹೆಜ್ಜೆ ಹೆಜ್ಜೆಯಾಗಿ ಓದಬಹುದು. ಮಹದೇವಯ್ಯನ ಕೃತಿ ನಷ್ಟವಾಗಿದ್ದರೆ, ದೀಕ್ಷೆಯ ಅಗತ್ಯವನ್ನು ಪ್ರಶ್ನಿಸಿದವರು ಇದ್ದರು ಎಂಬುದೇ ಮರೆತುಹೋಗುವ ಸಾಧ್ಯತೆಯಿತ್ತು.

ಬೇರೆ ಪರಂಪರೆಗಳಲ್ಲಿ

ಅಮೆರಿಕದ ಮಾರ್ಮನ್ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ತನಗಾದ ದೈವಪ್ರೇರಣೆಗಳನ್ನು 1833ರಲ್ಲಿ ‘ಬುಕ್ ಆಫ್ ಕಮ್ಯಾಂಡ್‌ಮೆಂಟ್ಸ್’ ಎಂದು ಅಚ್ಚುಹಾಕಿಸಿದನು. ಮಿಸೌರಿಯಲ್ಲಿ ಉದ್ರಿಕ್ತ ಗುಂಪೊಂದು ಮುದ್ರಣಾಲಯವನ್ನೇ ಧ್ವಂಸ ಮಾಡಿತಾದರೂ ಕೆಲವು ಪ್ರತಿಗಳು ಉಳಿದವು. 1835ರಲ್ಲಿ ಅದೇ ವಾಣಿಗಳು ‘ಡಾಕ್ಟ್ರಿನ್ ಆ್ಯಂಡ್ ಕವನೆಂಟ್ಸ್’ ಎಂಬ ಹೆಸರಿನಲ್ಲಿ ಬಂದಾಗ ಹಲವೆಡೆ ತಿದ್ದುಪಡಿಗಳಾಗಿದ್ದವು. ಗ್ರಂಥವನ್ನು ಅನುವಾದಿಸುವ ವರವೊಂದನ್ನು ಬಿಟ್ಟು ಸ್ಮಿತ್‌ಗೆ ಬೇರೆ ವರ ಇಲ್ಲ ಎಂದು ಮೊದಲ ಆವೃತ್ತಿ ಹೇಳಿತ್ತು. ಆ ಕಾರ್ಯ ಮುಗಿಯುವವರೆಗೆ ಮಾತ್ರ ಬೇರೆ ವರ ಇಲ್ಲ ಎಂದು ಎರಡನೆಯದು ಹೇಳಿತು. ಆರಂಭದ ಸಾಕ್ಷಿಗಳಲ್ಲಿ ಒಬ್ಬನಾಗಿದ್ದ ಡೇವಿಡ್ ವಿಟ್ಮರ್ 1887ರಲ್ಲಿ ಇದನ್ನು ಬಹಿರಂಗವಾಗಿ ಖಂಡಿಸಿದನು. ಇಲ್ಲಿ ತಿದ್ದುಪಡಿ ನಡೆದದ್ದು ಸ್ಥಾಪಕ ಬದುಕಿರುವಾಗ, ಅವನ ಒಪ್ಪಿಗೆಯಿಂದಲೇ. ತನ್ನ ಮಾತನ್ನು ತಾನೇ ತಿದ್ದುವ ಅಧಿಕಾರ ಅವನಿಗಿದೆ ಎನ್ನುವವರಿಗೂ, ದೇವವಾಣಿ ಎಂದು ಸಾರಿದ್ದನ್ನು ಅವನೂ ತಿದ್ದಲಾರ ಎನ್ನುವವರಿಗೂ ನಡುವೆ ವಾದ ನಿಂತಿಲ್ಲ.

ಇಸ್ಕಾನ್ ಸ್ಥಾಪಕಾಚಾರ್ಯ ಎ. ಸಿ. ಭಕ್ತಿವೇದಾಂತ ಸ್ವಾಮಿ ಪ್ರಭುಪಾದರ ‘ಭಗವದ್ಗೀತಾ ಆ್ಯಸ್ ಇಟ್ ಈಸ್’ ಸಂಪೂರ್ಣವಾಗಿ ಪ್ರಕಟವಾದದ್ದು 1972ರಲ್ಲಿ. ಅವರು 1977ರಲ್ಲಿ ದೇಹತ್ಯಾಗ ಮಾಡಿದರು. 1983ರಲ್ಲಿ ಅವರ ಶಿಷ್ಯರು ಪರಿಷ್ಕೃತ ಆವೃತ್ತಿಯನ್ನು ತಂದರು. ಹಳೆಯ ಬೆರಳಚ್ಚು ಪ್ರತಿಗಳನ್ನು ನೋಡಿ ಮೊದಲ ಸಂಪಾದಕರ ತಪ್ಪುಗಳನ್ನು ಸರಿಪಡಿಸಿದ್ದೇವೆ ಎಂಬುದು ಪರಿಷ್ಕರಣಕಾರರ ಸಮರ್ಥನೆ. ಗುರುಗಳು ಸ್ವತಃ ಕೈಯಲ್ಲಿ ಹಿಡಿದು ಪ್ರವಚನ ಮಾಡಿದ ಪುಸ್ತಕವನ್ನು ಅವರ ಅನುಮತಿಯಿಲ್ಲದೆ ಮುಟ್ಟಬಾರದು ಎಂಬುದು ವಿರೋಧಿಗಳ ಆಕ್ಷೇಪ. ಇಲ್ಲಿ ಹಸ್ತಪ್ರತಿಯ ಆಧಾರ ಇದೆ ಎನ್ನುವುದರಿಂದ ಈ ವಿವಾದ ಅಂಕಿತದ ವಿವಾದಕ್ಕಿಂತ ಜಟಿಲವಾದುದು.

ಶುದ್ಧಪಾಠವನ್ನು ಗೊತ್ತುಮಾಡುವ ವಿಧಾನ

ಕನ್ನಡದಲ್ಲಿ ಈ ಶಾಸ್ತ್ರಕ್ಕೆ ಗ್ರಂಥಸಂಪಾದನೆ ಎಂಬ ಹೆಸರಿದೆ, ಡಿ. ಎಲ್. ನರಸಿಂಹಾಚಾರ್ಯರು ಇದರ ನಿಯಮಗಳನ್ನು ವಿಸ್ತಾರವಾಗಿ ನಿರೂಪಿಸಿದ್ದಾರೆ. ಸಂಪಾದಕನು ಮೊದಲು ಸಿಗುವ ಎಲ್ಲ ಪ್ರತಿಗಳನ್ನು ಕೂಡಿಸಿ, ಯಾವುದು ಯಾವುದರ ನಕಲು ಎಂಬ ಸಂಬಂಧವನ್ನು ಗುರುತಿಸುತ್ತಾನೆ. ಒಂದೇ ಮೂಲದಿಂದ ಇಳಿದ ಹತ್ತು ಪ್ರತಿಗಳಿಗಿಂತ, ಬೇರೆ ಬೇರೆ ಪ್ರದೇಶಗಳಲ್ಲಿ ಸ್ವತಂತ್ರವಾಗಿ ಉಳಿದ ಎರಡು ಪ್ರತಿಗಳ ಒಮ್ಮತಕ್ಕೆ ಬೆಲೆ ಹೆಚ್ಚು. ಎರಡು ಪಾಠಗಳು ಎದುರಾದಾಗ, ಒಂದು ಸಿದ್ಧಾಂತಕ್ಕೆ ಸಲೀಸಾಗಿ ಹೊಂದುವಂಥದ್ದು, ಇನ್ನೊಂದು ತೊಡಕಿನದು ಆಗಿದ್ದರೆ, ತೊಡಕಿನ ಪಾಠವೇ ಹಳೆಯದಾಗಿರುವ ಸಂಭವ ಹೆಚ್ಚು. ತೊಡಕನ್ನು ಸಲೀಸು ಮಾಡುವವರು ಇರುತ್ತಾರೆ. ಸಲೀಸಾದುದನ್ನು ತೊಡಕು ಮಾಡುವವರು ವಿರಳ. ‘ಕೂಡಲಸಂಗಮದೇವ’ ಎಂಬ ಅಂಕಿತವು ಸ್ಥಾವರದ ನಿರಾಕರಣೆಯೊಡನೆ ತೊಡಕಾಗಿ ಕಾಣುತ್ತದೆ ಎಂಬ ಸಂಗತಿಯೇ, ಈ ನಿಯಮದ ಪ್ರಕಾರ, ಅದರ ಪ್ರಾಚೀನತೆಯ ಪರವಾದ ಸಾಕ್ಷ್ಯ.

ಭಾಷೆಯ ವಯಸ್ಸು ಇನ್ನೊಂದು ಒರೆಗಲ್ಲು. ಹನ್ನೆರಡನೆಯ ಶತಮಾನದ ನುಡಿಯಲ್ಲಿ ಇರಲಾರದ ರೂಪವೋ, ಅನಂತರದ ಕಾಲದಲ್ಲಿ ಬೆಳೆದ ಪಾರಿಭಾಷಿಕ ಪದವೋ ವಚನದಲ್ಲಿ ಕಂಡರೆ ಅದು ಪ್ರಕ್ಷಿಪ್ತವೇ ಎಂಬ ಶಂಕೆ ಏಳುತ್ತದೆ. ಬಸವಣ್ಣನವರ ವಚನಗಳಲ್ಲಿ ಅಲ್ಲಲ್ಲಿ ಕಾಣುವ ‘ವೀರಶೈವ’ ಎಂಬ ಪದದ ಬಗ್ಗೆ ಇಂದು ನಡೆದಿರುವ ಚರ್ಚೆ ಈ ಬಗೆಯದು. ಅದು ಮೂಲದ್ದೆಂದು ಒಂದು ಪಕ್ಷವೂ, ನಂತರ ಸೇರಿದ್ದೆಂದು ಇನ್ನೊಂದು ಪಕ್ಷವೂ ವಾದಿಸುತ್ತವೆ. ಧರ್ಮದ ಹೆಸರೇ ಈ ಪದದ ಮೇಲೆ ನಿಂತಿರುವುದರಿಂದ ಎರಡೂ ಕಡೆಯವರ ಒತ್ತಡ ಸಂಪಾದಕನ ಮೇಲೆ ಬೀಳುತ್ತದೆ. ತನಗೆ ಪ್ರಿಯವಾದ ನಿಲುವನ್ನು ಹೇಳುವ ಪಾಠಕ್ಕೂ, ಅಪ್ರಿಯವಾದ ನಿಲುವನ್ನು ಹೇಳುವ ಪಾಠಕ್ಕೂ ಅವನು ಒಂದೇ ಅಳತೆಗೋಲನ್ನು ಬಳಸಬೇಕಾಗುತ್ತದೆ.

ನಂಬಬಹುದಾದ ಆವೃತ್ತಿಯಲ್ಲಿ ಬಳಸಿದ ಹಸ್ತಪ್ರತಿಗಳ ವಿವರ ಇರುತ್ತದೆ. ಸಂಪಾದಕನು ಬಿಟ್ಟ ಪಾಠಗಳು ಅಡಿಟಿಪ್ಪಣಿಯಲ್ಲಿ ದೊರೆಯುತ್ತವೆ. ಸಂಶಯಾಸ್ಪದ ವಚನಗಳು ಅನುಬಂಧಕ್ಕೆ ಹೋಗುತ್ತವೆಯೇ ಹೊರತು ಕಾಣೆಯಾಗುವುದಿಲ್ಲ. ವಚನವೊಂದು ಅನುಮಾನ ಹುಟ್ಟಿಸಿದರೆ ಅದರ ಮೊದಲ ಸಾಲನ್ನು ಹಿಡಿದು ‘ಸಮಗ್ರ ವಚನ ಸಂಪುಟ’ದ ಅಕಾರಾದಿಯಲ್ಲಿ ಹುಡುಕಬಹುದು, ಅಲ್ಲಿಯ ಪಾಠವನ್ನು ಬಸವನಾಳರ ಆವೃತ್ತಿಯ ಪಾಠದೊಡನೆ ಹೋಲಿಸಿದರೆ, ಬದಲಾವಣೆ ಓಲೆಗರಿಯಿಂದ ಬಂದದ್ದೋ ಮುದ್ರಣಾನಂತರ ಸೇರಿದ್ದೋ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.